ರಾಜನ ಪರವಾಗಿ ಸತ್ತ ಚಿತ್ರಕಾರ

1974ರ ಜನವರಿಯಲ್ಲಿ ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ ಒಂದು ಕಳ್ಳತನವಾಯಿತು. ಸಿಮೊನ್ ಬೊಲಿವಾರ್ ಹಿಂದೆ ವಾಸವಾಗಿದ್ದ, ಈಗ ವಸ್ತುಸಂಗ್ರಹಾಲಯವಾಗಿರುವ ಮನೆಗೆ ಎಂ-19 ಎಂಬ ಗೆರಿಲ್ಲಾ ಗುಂಪಿನವರು ನುಗ್ಗಿ ಅವನ ಕತ್ತಿಯನ್ನು ಎತ್ತಿಕೊಂಡು ಹೋದರು. ದಕ್ಷಿಣ ಅಮೆರಿಕವನ್ನು ಸ್ಪೇನಿನಿಂದ ಬಿಡಿಸಿದ ವೀರನ ಕತ್ತಿ ಇನ್ನು ಮುಂದೆ ಬಡವರ ಹೋರಾಟದ ಜೊತೆಗಿರುತ್ತದೆ ಎಂಬುದು ಅವರ ಮಾತಿನ ಸಾರ. ಹದಿಮೂರು ವರ್ಷ ಕಳೆದ ಮೇಲೆ, 1987ರಲ್ಲಿ, ಅದೇ ಗುಂಪು ದೇಶದ ದಕ್ಷಿಣ ತುದಿಯ ಪಾಸ್ತೊ ನಗರದ ಒಂದು ಚರ್ಚಿನಿಂದ ಮತ್ತೊಂದು ವಸ್ತುವನ್ನು ಕದ್ದಿತು. ಅದು ಒಬ್ಬ ಮನುಷ್ಯನ ಮೂಳೆಗಳು. ಆ ಮನುಷ್ಯ ಆಗುಸ್ತಿನ್ ಅಗ್ವಾಲೊಂಗೊ. ಸ್ಪೇನಿನ ರಾಜನ ಪರವಾಗಿ, ಇದೇ ಬೊಲಿವಾರನ ವಿರುದ್ಧ ಕಾದಾಡಿ, ಕೊನೆಗೆ ಗುಂಡಿಗೆ ಎದೆಯೊಡ್ಡಿ ಸತ್ತವನು.

ಒಂದು ಕೈಯಲ್ಲಿ ಬೊಲಿವಾರನ ಕತ್ತಿ, ಇನ್ನೊಂದು ಕೈಯಲ್ಲಿ ಬೊಲಿವಾರನ ವೈರಿಯ ಮೂಳೆ. ಈ ಎರಡು ಕಳ್ಳತನಗಳನ್ನು ಒಟ್ಟಿಗೆ ಓದಿದಾಗ ನನಗೆ ಮೊದಲು ನಗು ಬಂದಿತ್ತು. ಕ್ರಾಂತಿಕಾರಿಗಳಿಗೆ ತಮ್ಮ ಇತಿಹಾಸವೇ ಗೊತ್ತಿಲ್ಲವೇ ಎನ್ನಿಸಿತ್ತು. ಅಗ್ವಾಲೊಂಗೊನ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡುತ್ತಾ ಹೋದ ಹಾಗೆ, ಅವರಿಗೆ ಇತಿಹಾಸ ನನಗಿಂತ ಚೆನ್ನಾಗಿಯೇ ಗೊತ್ತಿತ್ತು ಅನ್ನಿಸತೊಡಗಿತು.

ನಮ್ಮಲ್ಲಿ ಬಹಳ ಜನರಿಗೆ ಬೊಲಿವಾರ್ ಪರಿಚಯವಾದದ್ದು ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್‌ನ ಕಾದಂಬರಿಯ ಮೂಲಕ. ಸೋತು, ಕೃಶನಾಗಿ, ಮಗ್ದಲೇನಾ ನದಿಯಲ್ಲಿ ಸಮುದ್ರದ ಕಡೆಗೆ ಸಾಗುವ ಆ ಸೇನಾನಿಯ ಚಿತ್ರ ಒಮ್ಮೆ ಓದಿದವರನ್ನು ಸುಲಭಕ್ಕೆ ಬಿಡುವುದಿಲ್ಲ. ನಾನೂ ಬೊಲಿವಾರನನ್ನು ಆ ಪುಸ್ತಕದ ಕಣ್ಣಿಂದಲೇ ನೋಡಿದವನು. ವಸಾಹತು ಆಳ್ವಿಕೆಯನ್ನು ಅನುಭವಿಸಿದ ನಾಡಿನವರಾದ ನಮಗೆ ಅವನ ಪಕ್ಷ ವಹಿಸಲು ಹೆಚ್ಚು ಯೋಚನೆ ಬೇಕಾಗುವುದಿಲ್ಲ. ಸ್ವಾತಂತ್ರ್ಯ ಸಮರದ ಪಾಠ ಓದುವಾಗ ಮನಸ್ಸಿನಲ್ಲಿ ಎರಡೇ ಸಾಲು ಇರುತ್ತವೆ: ಹೋರಾಡಿದವರು ಒಂದು ಕಡೆ, ದ್ರೋಹಿಗಳು ಇನ್ನೊಂದು ಕಡೆ. ಅಗ್ವಾಲೊಂಗೊನನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕು ಎಂಬುದೇ ಈ ಬರಹಕ್ಕೆ ಕಾರಣವಾದ ಪ್ರಶ್ನೆ.

ಪಾಸ್ತೊ ಇರುವುದು ಆಂಡೀಸ್ ಪರ್ವತಗಳ ನಡುವೆ, ಸುಮಾರು 2500 ಮೀಟರ್ ಎತ್ತರದಲ್ಲಿ, ಗಲೆರಾಸ್ ಎಂಬ ಜೀವಂತ ಜ್ವಾಲಾಮುಖಿಯ ತಪ್ಪಲಲ್ಲಿ. ಉತ್ತರಕ್ಕೆ ಹ್ವಾನಂಬು, ದಕ್ಷಿಣಕ್ಕೆ ಗ್ವಾಯ್ತಾರಾ, ಎರಡೂ ಆಳವಾದ ಕಮರಿಗಳಲ್ಲಿ ಹರಿಯುವ ನದಿಗಳು. ಉತ್ತರದ ಪೊಪಯಾನಿನಿಂದ ದಕ್ಷಿಣದ ಕ್ವಿಟೊಗೆ ಹೋಗುವ ದಾರಿ ಇಲ್ಲಿಂದಲೇ ಹಾಯಬೇಕು. ಅಂದರೆ ಪಾಸ್ತೊ ಬೇಡವೆಂದರೆ ಯಾವ ಸೈನ್ಯವೂ ಆ ಕಡೆಯಿಂದ ಈ ಕಡೆಗೆ ದಾಟುವಂತಿಲ್ಲ. ಈ ಭೂಗೋಳವೇ ಆ ಊರಿನ ಬಲ, ಅದರ ದುರ್ದೈವವೂ ಹೌದು.

ಅಗ್ವಾಲೊಂಗೊ ಹುಟ್ಟಿದ್ದು ಈ ಊರಿನಲ್ಲಿ, 1780ರ ಆಗಸ್ಟ್ 25ರಂದು. ಬಹುಕಾಲ ಅವನನ್ನು ಅಪ್ಪಟ ಇಂಡಿಯನ್ ಎಂದೇ ಕರೆದರು. ಅವನು ಮೆಸ್ಟಿಜೊ, ಅಂದರೆ ಮಿಶ್ರ ಮೂಲದವನು ಎಂದು ದಾಖಲೆಗಳನ್ನು ನೋಡಿದ ಇತಿಹಾಸಕಾರರು ಆಮೇಲೆ ವಾದಿಸಿದರು. ಏನೇ ಇರಲಿ, ಅವನು ಊರಿನ ದೊಡ್ಡ ಮನೆತನದವನಲ್ಲ. 1811ರ ಮಾರ್ಚಿನಲ್ಲಿ ರಾಜನ ಪರದ ಸ್ಥಳೀಯ ಪಡೆಗೆ ಸೇರುವಾಗ ಅವನಿಗೆ ಮೂವತ್ತು ವರ್ಷ, ಮದುವೆಯಾಗಿತ್ತು. ಸೇರ್ಪಡೆಯ ದಾಖಲೆಯಲ್ಲಿ ಅವನ ಕಸುಬು ಎಂದು ಬರೆದಿರುವುದು ತೈಲವರ್ಣದ ಚಿತ್ರಕಾರ ಎಂದು. ಗಿಡ್ಡ ಆಳು, ಕಪ್ಪು ಮೈಬಣ್ಣ. ಪಾಸ್ತೊ ಕುಶಲಕರ್ಮಿಗಳ ಊರು. ಮೊಪಮೊಪ ಎಂಬ ಕಾಡುಗಿಡದ ಅಂಟಿನಿಂದ ಮರದ ಸಾಮಾನುಗಳಿಗೆ ಬಣ್ಣದ ಹೊದಿಕೆ ಹಾಕುವ ಅಲ್ಲಿನ ಕಲೆ ಸ್ಪೇನಿನವರು ಬರುವುದಕ್ಕಿಂತ ಹಳೆಯದು, ಇಂದಿಗೂ ಉಳಿದಿದೆ. ಅಂಥ ಊರಿನಲ್ಲಿ ಬಣ್ಣ ಕಲೆಸುತ್ತಿದ್ದವನೊಬ್ಬ ಹದಿಮೂರು ವರ್ಷ ಬಂದೂಕು ಹಿಡಿದು ಓಡಾಡಿದ್ದು ಯಾಕೆ?

ಮೊದಲು ಒಂದು ಮಾತನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಪಾಸ್ತೊ ಜನ ರಾಜನೆಂದರೆ ಕೈಮುಗಿದು ತಲೆ ತಗ್ಗಿಸುವ ಮುಗ್ಧರಾಗಿರಲಿಲ್ಲ. 1781ರಲ್ಲಿ ಸರ್ಕಾರ ಸಾರಾಯಿಯ ಏಕಸ್ವಾಮ್ಯವನ್ನು ಹೇರಲು ಬಂದಾಗ, ಅದಕ್ಕೆಂದು ಬಂದ ಪೆರೆದೊ ಎಂಬ ಅಧಿಕಾರಿಯನ್ನು ಪಾಸ್ತೊ ಪಕ್ಕದ ಕತಂಬುಕೊದ ಇಂಡಿಯನ್ನರು ಕೊಂದುಹಾಕಿದರು. 1800ರಲ್ಲಿ ಹತ್ತಿರದ ತುಕೆರೆಸ್, ಗ್ವಾಯ್ತರಿಯಾ ಊರುಗಳಲ್ಲಿ ಹೊಸ ತೆರಿಗೆಯ ಸುದ್ದಿ ಹಬ್ಬಿದಾಗ ಕ್ಲಾವಿಹೊ ಎಂಬ ಅಧಿಕಾರಿಯನ್ನೂ ಅವನ ತಮ್ಮನನ್ನೂ ಜನ ಕೊಂದರು. ದಂಗೆಯ ಮುಂದಾಳುಗಳಿಗೆ ಮರಣದಂಡನೆಯಾಯಿತು. ಆಗ ಅಗ್ವಾಲೊಂಗೊನಿಗೆ ಇಪ್ಪತ್ತರ ಆಸುಪಾಸು. ರಾಜನ ಅಧಿಕಾರಿಗಳನ್ನು ಕೊಲ್ಲುವ ಜನವೇ ಮುಂದೆ ರಾಜನಿಗಾಗಿ ಸಾಯಲು ಹೊರಟದ್ದು ಹೇಗೆ?

ನಮಗೆ ಇದು ಅರ್ಥವಾಗದ ವಿಷಯವಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿ ಇದೆ. ಆ ಗಾದೆಯ ಒಳಗೊಂದು ರಾಜಕೀಯ ತಿಳಿವಳಿಕೆ ಇದೆ. ಕೆಟ್ಟದ್ದನ್ನು ಮಾಡುವವನು ಹತ್ತಿರದವನು, ನ್ಯಾಯ ಕೊಡಬೇಕಾದವನು ದೂರದವನು. ಸ್ಪ್ಯಾನಿಷ್ ಅಮೆರಿಕದ ಇಂಡಿಯನ್ ಸಮುದಾಯಗಳು ಮುನ್ನೂರು ವರ್ಷಗಳಲ್ಲಿ ಈ ದೂರದ ರಾಜನನ್ನು ತಮ್ಮ ಉಪಯೋಗಕ್ಕೆ ಬಳಸಿಕೊಳ್ಳುವುದನ್ನು ಕಲಿತಿದ್ದವು. ಅವರು ತಲೆಗಂದಾಯ ಕಟ್ಟುತ್ತಿದ್ದರು. ಅದಕ್ಕೆ ಪ್ರತಿಯಾಗಿ ಸಮುದಾಯದ ಭೂಮಿಗೆ ಕಾನೂನಿನ ರಕ್ಷಣೆ, ತಮ್ಮದೇ ಮುಖಂಡರು, ಅನ್ಯಾಯವಾದರೆ ನ್ಯಾಯಾಲಯಕ್ಕೆ ಹೋಗುವ ಹಕ್ಕು ಇತ್ತು. ಭಾರವಾದ ಒಪ್ಪಂದವೇ, ಆದರೂ ಒಪ್ಪಂದ. ಜಮೀನುದಾರನ ಮೇಲೆ, ಸ್ಥಳೀಯ ಅಧಿಕಾರಿಯ ಮೇಲೆ ದೂರು ಕೊಡಲು ಅವರಿಗಿದ್ದ ವಿಳಾಸ ರಾಜನದು.

ಇಂಥ ಹೊತ್ತಿನಲ್ಲಿ, 1808ರಲ್ಲಿ, ನೆಪೋಲಿಯನ್ ಸ್ಪೇನಿನ ರಾಜ ಏಳನೆಯ ಫರ್ಡಿನಂಡ್‌ನನ್ನು ಬಂಧಿಸಿ ಫ್ರಾನ್ಸಿನಲ್ಲಿ ಇಟ್ಟ. ರಾಜನಿಲ್ಲದ ಸಾಮ್ರಾಜ್ಯದಲ್ಲಿ ಅಧಿಕಾರ ಯಾರದು ಎಂಬ ಪ್ರಶ್ನೆ ಎದ್ದಿತು. 1809ರ ಆಗಸ್ಟ್ 10ರಂದು ಕ್ವಿಟೊದ ಗಣ್ಯರು ತಮ್ಮದೇ ಆಡಳಿತ ಮಂಡಳಿ ರಚಿಸಿಕೊಂಡರು. ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಪಾಸ್ತೊ ಮೇಲೆ ಸೈನ್ಯ ಕಳಿಸಿದ್ದು. ಅದೇ ಅಕ್ಟೋಬರಿನಲ್ಲಿ ಗ್ವಾಯ್ತಾರಾ ದಂಡೆಯ ಫುನೆಸ್‌ನಲ್ಲಿ ಪಾಸ್ತೊ ಜನ ಅವರನ್ನು ಹಿಂದಕ್ಕಟ್ಟಿದರು. 1811ರಲ್ಲಿ ಕ್ವಿಟೊದ ಸೈನ್ಯ ಮತ್ತೆ ಬಂತು, ಈ ಸಲ ಊರನ್ನು ಹಿಡಿದು ಅಲ್ಲಿ ಅಡಗಿಸಿಟ್ಟಿದ್ದ ಚಿನ್ನವನ್ನು ಹೊತ್ತೊಯ್ಯಿತು. ಹೀಗೆ ಪಾಸ್ತೊಗೆ ಸ್ವಾತಂತ್ರ್ಯ ಎಂಬುದು ಮೊದಲು ಪರಿಚಯವಾದದ್ದು ಪಕ್ಕದ ದೊಡ್ಡ ಊರಿನ ದಂಡಾಗಿ.

ಇದೇ ಸಮಯದಲ್ಲಿ ಪೊಪಯಾನಿನ ಸ್ಪ್ಯಾನಿಷ್ ಗವರ್ನರ್ ಮಿಗೆಲ್ ತಕೊನ್ ಒಂದು ಲೆಕ್ಕಾಚಾರ ಹಾಕಿದ. ಗಣ್ಯರು ಕೈಬಿಟ್ಟ ಮೇಲೆ ಅವನಿಗೆ ಉಳಿದಿದ್ದು ಕೆಳಗಿನ ಜನ. ರಾಜನ ಪರ ಹೋರಾಡುವ ಗುಲಾಮರಿಗೆ ಬಿಡುಗಡೆಯ ಮಾತು ಕೊಟ್ಟ, ಇಂಡಿಯನ್ನರಿಗೆ ಕಂದಾಯದಲ್ಲಿ ರಿಯಾಯಿತಿ ಕೊಟ್ಟ. ಪತಿಯಾ ಕಣಿವೆಯ ಕಪ್ಪು ಜನ ರಾಜನ ಗೆರಿಲ್ಲಾಗಳಾದರು. ಪಾಸ್ತೊ ಸುತ್ತಲಿನ ಇಂಡಿಯನ್ ಹಳ್ಳಿಗಳು ಆಳುಗಳನ್ನು ಕಳಿಸಿದವು. ಮಾರ್ಸೆಲಾ ಎಚೆವೆರ್ರಿ ಎಂಬ ಇತಿಹಾಸಕಾರ್ತಿ ಈ ಬಗ್ಗೆ ಬರೆದ ಪುಸ್ತಕ 2016ರಲ್ಲಿ ಬಂತು. ರಾಜಭಕ್ತಿ ಎಂದರೆ ಅಜ್ಞಾನ ಎಂಬ ಹಳೆಯ ವಿವರಣೆಯನ್ನು ಅದು ಮುರಿಯುತ್ತದೆ. ಆ ಜನ ರಾಜನೊಂದಿಗೆ ಚೌಕಾಸಿ ಮಾಡುತ್ತಿದ್ದರು. ಅದರಲ್ಲಿ ನಂಬಿಕೆಯೂ ಇತ್ತು, ಧರ್ಮವೂ ಇತ್ತು, ಪಾದ್ರಿಗಳ ಪ್ರಭಾವವೂ ಇತ್ತು. ಆದರೆ ಅಷ್ಟೇ ಇರಲಿಲ್ಲ.

ಯುದ್ಧದ ಮೊದಲ ವರ್ಷಗಳಲ್ಲಿ ಅಗ್ವಾಲೊಂಗೊ ಹೆಸರಿಲ್ಲದ ಆಳು, ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದವನು. ಆ ವರ್ಷಗಳು ಎರಡೂ ಕಡೆ ಕ್ರೂರವಾಗಿದ್ದವು. 1812ರಲ್ಲಿ ಪಾಸ್ತೊದವರ ಕೈಗೆ ಸಿಕ್ಕಿಬಿದ್ದ ಗಣರಾಜ್ಯದ ಪಕ್ಷದ ನಾಯಕ ಹೊವಾಕಿನ್ ಕಾಯ್ಸೆದೊ ಮತ್ತು ಅಮೆರಿಕದಿಂದ ಬಂದು ಸೇರಿಕೊಂಡಿದ್ದ ಅಲೆಕ್ಸಾಂಡರ್ ಮೆಕಾಲೆಯನ್ನು 1813ರ ಜನವರಿಯಲ್ಲಿ ಪಾಸ್ತೊದಲ್ಲಿ ಗುಂಡಿಟ್ಟು ಕೊಂದರು. ಮರುವರ್ಷ ಬೊಗೊಟಾದಿಂದ ಅಂತೊನಿಯೊ ನಾರಿನ್ಯೊ ಬಂದ. ಫ್ರೆಂಚ್ ಕ್ರಾಂತಿಯ ಮಾನವ ಹಕ್ಕುಗಳ ಘೋಷಣೆಯನ್ನು ಸ್ಪ್ಯಾನಿಷ್‌ಗೆ ಅನುವಾದಿಸಿ ಮುದ್ರಿಸಿದ್ದಕ್ಕೆ ಜೈಲು ಕಂಡಿದ್ದ ದೊಡ್ಡ ಮನುಷ್ಯ. ಹ್ವಾನಂಬು ದಾಟಿ, ಗುಡ್ಡಗಳಲ್ಲಿ ಹೋರಾಡಿ, 1814ರ ಮೇ ತಿಂಗಳಲ್ಲಿ ಪಾಸ್ತೊ ಬಾಗಿಲಿಗೆ ಬಂದ. ಊರಿನವರು ಅವನ ಸೈನ್ಯವನ್ನು ಚದುರಿಸಿದರು, ಅವನು ಸೆರೆಯಾದ. ಸುಮಾರು ಒಂದು ವರ್ಷ ಪಾಸ್ತೊದಲ್ಲಿ, ಅಲ್ಲಿಂದ ಸ್ಪೇನಿನ ಕ್ಯಾಡಿಜ್ ಜೈಲಿನಲ್ಲಿ 1820ರವರೆಗೆ. 1904ರಲ್ಲಿ ಕೊಲಂಬಿಯಾ ಸರ್ಕಾರ ಪಾಸ್ತೊ ರಾಜಧಾನಿಯಾಗಿರುವ ಪ್ರಾಂತ್ಯವನ್ನು ಹೊಸದಾಗಿ ರಚಿಸಿದಾಗ ಅದಕ್ಕೆ ಇಟ್ಟ ಹೆಸರು ನಾರಿನ್ಯೊ. ಸೋಲಿಸಿದವರ ನೆಲಕ್ಕೆ ಸೋತವನ ಹೆಸರು. ಇತಿಹಾಸವನ್ನು ಕೊನೆಗೆ ಗೆದ್ದವರು ಯಾರು ಎಂದು ತಿಳಿಯಲು ನಕಾಶೆ ನೋಡಿದರೆ ಸಾಕು.

1819ರ ಬೊಯಾಕಾ ಯುದ್ಧದ ನಂತರ ಬೊಲಿವಾರನ ಪಕ್ಷ ಗೆಲ್ಲುತ್ತಾ ಬಂತು. 1821ರಲ್ಲಿ ಕೂಕುತಾ ನಗರದಲ್ಲಿ ಸೇರಿದ ಕಾಂಗ್ರೆಸ್ ಹೊಸ ಗಣರಾಜ್ಯದ ಸಂವಿಧಾನವನ್ನು ಒಪ್ಪಿತು. ಅದೇ ಕಾಂಗ್ರೆಸ್ ಇಂಡಿಯನ್ನರ ತಲೆಗಂದಾಯವನ್ನು ರದ್ದು ಮಾಡಿತು, ಅವರನ್ನು ಸಮಾನ ಪ್ರಜೆಗಳೆಂದು ಸಾರಿತು. ಓದಲು ಎಷ್ಟು ಚೆಂದ. ಅದೇ ಕಾನೂನು ಸಮುದಾಯದ ಭೂಮಿಯನ್ನು ಒಡೆದು ಕುಟುಂಬಗಳಿಗೆ ಖಾಸಗಿ ಆಸ್ತಿಯಾಗಿ ಹಂಚಬೇಕು ಎಂದೂ ಹೇಳಿತು. ಖಾಸಗಿಯಾದ ಸಣ್ಣ ತುಂಡು ನೆಲ ಸಾಲಕ್ಕೆ, ಮಾರಾಟಕ್ಕೆ, ದೊಡ್ಡವರ ಕೈಗೆ ಎಷ್ಟು ಬೇಗ ಹೋಗುತ್ತದೆ ಎಂಬುದನ್ನು ರೈತರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ 1828ರಲ್ಲಿ ಖಜಾನೆ ಬರಿದಾದಾಗ ಸ್ವತಃ ಬೊಲಿವಾರನೇ ಆ ತಲೆಗಂದಾಯವನ್ನು ಮತ್ತೆ ಜಾರಿಗೆ ತಂದ. ಪಾಸ್ತೊ ಜನರಿಗೆ ಭವಿಷ್ಯ ಗೊತ್ತಿರಲಿಲ್ಲ, ಅನುಮಾನ ಮಾತ್ರ ಇತ್ತು. ಆ ಅನುಮಾನ ಪೂರ್ತಿ ಹುಸಿಯಾಗಿರಲಿಲ್ಲ.

1822ರ ಏಪ್ರಿಲ್ 7ರಂದು ಬೊಂಬೊನಾ ಎಂಬಲ್ಲಿ ಬೊಲಿವಾರ್ ಸ್ವತಃ ಪಾಸ್ತೊ ದಾರಿಯನ್ನು ಮುರಿಯಲು ನೋಡಿದ. ಗೆದ್ದೆ ಎಂದು ಹೇಳಿಕೊಂಡರೂ ಅಪಾರ ನಷ್ಟ ಅನುಭವಿಸಿದ, ಊರಿಗೆ ಕಾಲಿಡಲಾಗಲಿಲ್ಲ. ಮೇ 24ರಂದು ಅವನ ಅತ್ಯಂತ ಸಮರ್ಥ ಸೇನಾಪತಿ ಅಂತೊನಿಯೊ ಹೊಸೆ ದೆ ಸೂಕ್ರೆ ಪಿಚಿಂಚಾ ಯುದ್ಧ ಗೆದ್ದು ಕ್ವಿಟೊ ಹಿಡಿದ ಮೇಲೆ ಪಾಸ್ತೊ ಎರಡೂ ಕಡೆಯಿಂದ ಒಂಟಿಯಾಯಿತು. ಸ್ಪ್ಯಾನಿಷ್ ಕರ್ನಲ್ ಬಸಿಲಿಯೊ ಗಾರ್ಸಿಯಾ, ಪೊಪಯಾನಿನ ಬಿಷಪ್, ಊರಿನ ಗಣ್ಯರು ಸೇರಿ ಶರಣಾಗತಿಗೆ ಒಪ್ಪಿದರು. ಜೂನ್ 8ರಂದು ಬೊಲಿವಾರ್ ಊರು ಪ್ರವೇಶಿಸಿದ. ಷರತ್ತುಗಳು ಉದಾರವಾಗಿದ್ದವು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ನಿಜವಾದ ಅಗ್ವಾಲೊಂಗೊ ಆರಂಭವಾಗುವುದೇ ಇಲ್ಲಿಂದ.

ಅಕ್ಟೋಬರ್ 28ರಂದು ಪಾಸ್ತೊ ಮತ್ತೆ ದಂಗೆ ಎದ್ದಿತು. ಮುಂದಾಳು ಬೆನಿತೊ ಬೊವೆಸ್ ಎಂಬ ಸ್ಪ್ಯಾನಿಷ್ ಅಧಿಕಾರಿ, ಪಕ್ಕದಲ್ಲಿ ಅಗ್ವಾಲೊಂಗೊ. ಈ ಸಲ ಗಣ್ಯರಲ್ಲಿ ಹೆಚ್ಚಿನವರು ದೂರ ನಿಂತರು, ಬಂದವರು ಸುತ್ತಲ ಹಳ್ಳಿಗಳವರು. ನವೆಂಬರಿನಲ್ಲಿ ಗ್ವಾಯ್ತಾರಾ ಮೇಲಿನ ತಾಯ್ನ್‌ದಾಲಾ ಕಡಿದಾದ ಏರಿನಲ್ಲಿ ಅವರು ಸೂಕ್ರೆಯನ್ನೇ ಹಿಮ್ಮೆಟ್ಟಿಸಿದರು. ಒಂದು ತಿಂಗಳ ನಂತರ ಹೆಚ್ಚು ಬಲದೊಂದಿಗೆ ಮರಳಿದ ಸೂಕ್ರೆ ಡಿಸೆಂಬರ್ 24ರಂದು ಊರಿನೊಳಕ್ಕೆ ನುಗ್ಗಿದ.

ಅಂದು ಕ್ರಿಸ್‌ಮಸ್ ಹಿಂದಿನ ದಿನ. ಅದನ್ನು ಪಾಸ್ತೊ ಜನ ಇವತ್ತಿಗೂ ಕರೆಯುವುದು ಕಪ್ಪು ಕ್ರಿಸ್‌ಮಸ್ ಎಂದು. ರೈಫಲ್ಸ್ ಎಂಬ ದಳದವರು, ಬ್ರಿಟನ್ ಮತ್ತು ಐರ್ಲೆಂಡಿನಿಂದ ಬಂದ ಸ್ವಯಂಸೇವಕರೂ ಅದರಲ್ಲಿದ್ದರು, ಮನೆಗಳನ್ನು ಲೂಟಿ ಮಾಡಿದರು, ಚರ್ಚುಗಳಲ್ಲಿ ಆಶ್ರಯ ಪಡೆದವರನ್ನೂ ಬಿಡಲಿಲ್ಲ. ಹೆಂಗಸರು, ಮಕ್ಕಳು, ಮುದುಕರು. ಸಾಮಾನ್ಯವಾಗಿ ಹೇಳುವ ಲೆಕ್ಕ ಸತ್ತವರು 400ಕ್ಕೂ ಹೆಚ್ಚು ಎಂದು. ಕೆಲವೇ ಸಾವಿರ ಜನರ ಊರಿನಲ್ಲಿ ಅದು ಮನೆಗೊಂದು ಸೂತಕ. ಗಣರಾಜ್ಯದ ಪಕ್ಷದಲ್ಲೇ ಇದ್ದ ಹೊಸೆ ಮರಿಯಾ ಒಬಾಂದೊ ಮುಂದೆ ತನ್ನ ನೆನಪುಗಳಲ್ಲಿ, ಸೂಕ್ರೆಯಂಥ ಸಭ್ಯ, ಮಾನವೀಯ ಮನುಷ್ಯ ಇದಕ್ಕೆ ಹೇಗೆ ಅವಕಾಶ ಕೊಟ್ಟನೋ ತಿಳಿಯದು ಎಂಬರ್ಥದಲ್ಲಿ ಬರೆದ. ಅವನು ಸೂಕ್ರೆಯ ರಾಜಕೀಯ ವಿರೋಧಿ, ಹಾಗಾಗಿ ಎಚ್ಚರಿಕೆಯಿಂದ ಓದಬೇಕು. ಆದರೆ ಹತ್ಯೆ ನಡೆಯಿತು ಎಂಬುದರಲ್ಲಿ ಬೊಲಿವಾರನ ಆಪ್ತ ಒ'ಲಿಯರಿಯೂ ಬೇರೆ ಮಾತಾಡುವುದಿಲ್ಲ.

ಜನವರಿಯಲ್ಲಿ ಬೊಲಿವಾರ್ ಬಂದ. 30,000 ಪೆಸೊ ದಂಡ, 3,000 ದನ, 2,500 ಕುದುರೆಗಳನ್ನು ಕೊಡಬೇಕೆಂದು ವಿಧಿಸಿದ. ದಂಗೆಯವರ ಆಸ್ತಿ ಮುಟ್ಟುಗೋಲಾಗಿ ಅವನ ಅಧಿಕಾರಿಗಳಿಗೆ ಹಂಚಿಹೋಯಿತು. ಉಸ್ತುವಾರಿಗೆ ನಿಂತ ಜನರಲ್ ಬಾರ್ತೊಲೊಮೆ ಸಲೊಮ್ ಸಂವಿಧಾನಕ್ಕೆ ಪ್ರಮಾಣ ಮಾಡಲೆಂದು ಜನರನ್ನು ಚೌಕಕ್ಕೆ ಕರೆಸಿದ. ಬಂದವರನ್ನು ಸುತ್ತುವರಿದು ಸಾವಿರದಷ್ಟು ಗಂಡಸರನ್ನು ಹಿಡಿದು ದೂರದ ದಳಗಳಿಗೆ ಸಾಗಿಸಿದ. ಸ್ವಾತಂತ್ರ್ಯದ ಸಂವಿಧಾನವನ್ನು ಅಪ್ಪಿಕೊಳ್ಳಲು ಹೋದವರು ಮನೆಗೆ ಮರಳಲಿಲ್ಲ. ಬೊಲಿವಾರ್ ತನ್ನ ಉಪಾಧ್ಯಕ್ಷ ಸಂತಾಂದೆರ್‌ಗೆ ಬರೆದ ಪತ್ರವೊಂದರಲ್ಲಿ, ಪಾಸ್ತೊದವರನ್ನು ಇಲ್ಲವಾಗಿಸಬೇಕು, ಅವರ ಹೆಂಡತಿ ಮಕ್ಕಳನ್ನು ಬೇರೆಡೆಗೆ ಸಾಗಿಸಬೇಕು ಎಂದು ಹೇಳಿದ್ದಾನೆ. ಮಾರ್ಕೆಸ್ ಕಟ್ಟಿಕೊಟ್ಟ ಆ ದುಃಖಿ ಸೇನಾನಿಯ ಕೈಯೇ ಈ ಪತ್ರವನ್ನೂ ಬರೆಯಿತು ಎಂಬುದನ್ನು ಅರಗಿಸಿಕೊಳ್ಳಲು ನನಗೆ ಸಮಯ ಹಿಡಿಯಿತು.

ಗುಡ್ಡಗಳಿಗೆ ಓಡಿದ್ದ ಅಗ್ವಾಲೊಂಗೊ ಸುಮ್ಮನಿರಲಿಲ್ಲ. ಬೊವೆಸ್ ಅಮೆಜಾನ್ ಕಾಡಿನ ಕಡೆಗೆ ಪಾರಾಗಿದ್ದ. ಈಗ ನಾಯಕರು ಊರಿನವರೇ: ಸೇನೆಗೆ ಅಗ್ವಾಲೊಂಗೊ, ಆಡಳಿತಕ್ಕೆ ಎಸ್ತನಿಸ್ಲಾವೊ ಮೆರ್ಚನ್‌ಕಾನೊ. 1823ರ ಜೂನ್ 12ರಂದು ದೊಣ್ಣೆ, ಈಟಿ, ಕೆಲವೇ ಬಂದೂಕುಗಳೊಂದಿಗೆ ಇಳಿದ ರೈತರ ಪಡೆ ಪಾಸ್ತೊದಲ್ಲಿದ್ದ ಹ್ವಾನ್ ಹೊಸೆ ಫ್ಲೊರೆಸ್‌ನ ಸೈನ್ಯವನ್ನು ನುಚ್ಚುನೂರು ಮಾಡಿತು. ಫ್ಲೊರೆಸ್ ಓಡಿ ಪಾರಾದ. ಏಳು ವರ್ಷಗಳ ನಂತರ ಇದೇ ಫ್ಲೊರೆಸ್ ಎಕ್ವಡೋರ್ ದೇಶದ ಮೊದಲ ಅಧ್ಯಕ್ಷನಾದ.

ಈ ತಾರೀಖಿನ ಪಕ್ಕದಲ್ಲೇ ಇನ್ನೊಂದು ತಾರೀಖನ್ನು ಇಟ್ಟು ನೋಡಬೇಕು. ಜೂನ್ 11, ಅಂದರೆ ಹಿಂದಿನ ದಿನ, ಸ್ಪೇನಿನ ಸೆವಿಲ್ ನಗರದಲ್ಲಿ ಅಲ್ಲಿನ ಸಂಸತ್ತು ಫರ್ಡಿನಂಡ್ ರಾಜನನ್ನು ತಾತ್ಕಾಲಿಕವಾಗಿ ಆಳಲು ಅಸಮರ್ಥ ಎಂದು ಘೋಷಿಸಿ, ಅವನು ಒಲ್ಲೆನೆಂದರೂ ಕ್ಯಾಡಿಜ್‌ಗೆ ಕರೆದೊಯ್ಯಲು ತೀರ್ಮಾನಿಸಿತ್ತು. ಸಾಗರದಾಚೆಯ ಒಬ್ಬ ಚಿತ್ರಕಾರ ಯಾರ ಹೆಸರು ಕೂಗಿ ಯುದ್ಧ ಗೆಲ್ಲುತ್ತಿದ್ದನೋ, ಆ ರಾಜನ ಹತ್ತಿರ ಅಂದು ಸ್ವಂತ ಪ್ರಯಾಣವನ್ನು ತಡೆಯುವ ಅಧಿಕಾರವೂ ಇರಲಿಲ್ಲ. ಆಂಡೀಸ್‌ನ ಆ ಮೂಲೆಗೆ ಸ್ಪೇನಿನಿಂದ ಸೈನ್ಯವೂ ಬರುತ್ತಿರಲಿಲ್ಲ, ಹಣವೂ ಬರುತ್ತಿರಲಿಲ್ಲ. ರಾಜ ಎಂಬ ಪದ ಅಲ್ಲಿ ಉಳಿದಿತ್ತು. ಅದರೊಳಗೆ ಕಪ್ಪು ಕ್ರಿಸ್‌ಮಸ್‌ನಲ್ಲಿ ಸತ್ತವರು, ಚೌಕದಿಂದ ಹಿಡಿದೊಯ್ದ ಗಂಡಸರು, ಕೈತಪ್ಪಲಿದ್ದ ನೆಲ ಎಲ್ಲವೂ ತುಂಬಿಕೊಂಡಿದ್ದವು. 1822ರ ಶರಣಾಗತಿಯವರೆಗೆ ಅಗ್ವಾಲೊಂಗೊ ರಾಜನ ಅಧಿಕಾರಿ. ಅಲ್ಲಿಂದಾಚೆಗೆ ಅವನು ಊರಿನ ಅಧಿಕಾರಿ ಎಂದೇ ನನ್ನ ಎಣಿಕೆ.

ಗೆಲುವಿನ ಉತ್ಸಾಹದಲ್ಲಿ ಅವನು ದೊಡ್ಡ ತಪ್ಪು ಮಾಡಿದ. ತನ್ನ ಕಮರಿಗಳ ರಕ್ಷಣೆಯನ್ನು ಬಿಟ್ಟು ದಕ್ಷಿಣಕ್ಕೆ ಕ್ವಿಟೊ ಕಡೆ ನಡೆದ. ಜುಲೈ 12ರಂದು ಇಬಾರಾ ನಗರ ಸಿಕ್ಕಿತು. ಪೆರು ದೇಶಕ್ಕೆ ಹೊರಡಲು ಗ್ವಾಯಕೀಲ್ ಕಡೆ ಇದ್ದ ಬೊಲಿವಾರ್ ಎಲ್ಲವನ್ನೂ ಬಿಟ್ಟು ಧಾವಿಸಿ ಬಂದ. ಜುಲೈ 17ರಂದು ನಡೆದದ್ದು, ಈಗಿನ ಎಕ್ವಡೋರ್ ನೆಲದಲ್ಲಿ ಬೊಲಿವಾರ್ ತಾನೇ ನಿಂತು ನಡೆಸಿದ ಏಕೈಕ ಯುದ್ಧ. ಬಯಲಿನಲ್ಲಿ ಕುದುರೆ ಸವಾರರ ಎದುರು ದೊಣ್ಣೆಯ ರೈತರು ನಿಲ್ಲಲಾಗಲಿಲ್ಲ. ತವಾಂದೊ ನದಿಯ ಸೇತುವೆಯ ಬಳಿ ಮತ್ತೆ ಮತ್ತೆ ಒಟ್ಟುಗೂಡಿ ಎದುರಿಸಿದರು. ಸತ್ತವರು ಸುಮಾರು 800. ಬೊಲಿವಾರನ ಕಡೆಯ ವರದಿಯಂತೆ ಅವನ ಸೈನ್ಯದಲ್ಲಿ ಸತ್ತವರು 13. ಈ ಎರಡು ಅಂಕಿಗಳನ್ನು ಒಟ್ಟಿಗೆ ನೋಡಿದರೆ ಅದನ್ನು ಯುದ್ಧ ಎನ್ನಲು ನಾಲಗೆ ತಡೆಯುತ್ತದೆ.

ಅಗ್ವಾಲೊಂಗೊ ಬದುಕಿ ಉಳಿದ. ಇನ್ನೂ ಒಂದು ವರ್ಷ ಗುಡ್ಡಗಳಿಂದ ಇಳಿದು ಹೊಡೆಯುವುದು, ಮರೆಯಾಗುವುದು ನಡೆಯಿತು. 1824ರ ಫೆಬ್ರವರಿಯಲ್ಲಿ ಮತ್ತೆ ಪಾಸ್ತೊ ನುಗ್ಗಿದ, ನಿಲ್ಲಲಾಗಲಿಲ್ಲ. ದಾರಿಯೆಲ್ಲ ಮುಚ್ಚಿದ ಮೇಲೆ ಅವನ ಕಣ್ಣು ಪಶ್ಚಿಮದ ಬಾರ್ಬಕೊವಾಸ್ ಮೇಲೆ ಬಿತ್ತು. ಅದು ಚಿನ್ನದ ಗಣಿಗಳ ಊರು, ಅಲ್ಲಿಂದ ನದಿ ಮಾರ್ಗವಾಗಿ ಪೆಸಿಫಿಕ್ ಸಾಗರ ತಲುಪಬಹುದು. ಜೂನ್ ಆರಂಭದ ಆ ದಾಳಿಯಲ್ಲಿ ಊರಿಗೆ ಬೆಂಕಿ ಬಿತ್ತು. ಊರನ್ನು ಕಾಯುತ್ತಿದ್ದವನು ತೊಮಾಸ್ ಸಿಪ್ರಿಯಾನೊ ದೆ ಮೊಸ್ಕೆರಾ. ಅವನ ದವಡೆಗೆ ಗುಂಡು ಬಿತ್ತು, ಜೀವನಪೂರ್ತಿ ಮಾತು ತೊದಲಿತು. ಅಗ್ವಾಲೊಂಗೊನ ಕಾಲಿಗೂ ಗಾಯವಾಯಿತು. ದಾಳಿ ಸೋತಿತು. ಜೂನ್ 24ರಂದು ಪತಿಯಾ ಕಡೆಯ ಕಾಡಿನಲ್ಲಿ ಒಬಾಂದೊ ಅವನನ್ನು ಹಿಡಿದ. ಈ ಒಬಾಂದೊ 1822ರವರೆಗೆ ಅಗ್ವಾಲೊಂಗೊನಂತೆಯೇ ರಾಜನ ಅಧಿಕಾರಿಯಾಗಿದ್ದವನು, ಗಾಳಿ ತಿರುಗಿದಾಗ ತಾನೂ ತಿರುಗಿದವನು. ಮೊಸ್ಕೆರಾ, ಒಬಾಂದೊ ಇಬ್ಬರೂ ಮುಂದೆ ದೇಶದ ಅಧ್ಯಕ್ಷರಾದರು. ಫ್ಲೊರೆಸ್ ಸೇರಿದರೆ ಮೂವರು. ಈ ಚಿತ್ರಕಾರನೊಂದಿಗೆ ಹೋರಾಡಿದವರೆಲ್ಲ ಅಧ್ಯಕ್ಷರಾದರು ಎಂದರೆ ಹೆಚ್ಚೇನೂ ಉತ್ಪ್ರೇಕ್ಷೆಯಲ್ಲ.

ಪೊಪಯಾನಿನಲ್ಲಿ ಅವನನ್ನು ನೋಡಲು ಜನ ಕಿಕ್ಕಿರಿದರಂತೆ. ಇಷ್ಟು ಗಿಡ್ಡ, ಇಷ್ಟು ಸಾಧಾರಣ ಮನುಷ್ಯನೇ ನಮ್ಮನ್ನು ಇಷ್ಟು ವರ್ಷ ಕಾಡಿಸಿದ್ದು ಎಂದು ಗುಂಪಿನಲ್ಲಿ ಯಾರೋ ಅಂದದ್ದಕ್ಕೆ ಅವನು ಕೊಟ್ಟ ದಿಟ್ಟ ಉತ್ತರವೊಂದು ಪಾಸ್ತೊದಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಗಣರಾಜ್ಯದ ಸಂವಿಧಾನಕ್ಕೆ ಪ್ರಮಾಣ ಮಾಡಿದರೆ ಜೀವದಾನ ಎಂದರು, ಅವನು ಒಲ್ಲೆ ಎಂದ. ರಾಜನ ಸೇನೆಯ ಕರ್ನಲ್ ಸಮವಸ್ತ್ರದಲ್ಲಿ ಸಾಯಲು ಅನುಮತಿ ಕೇಳಿದ, ಕಣ್ಣಿಗೆ ಬಟ್ಟೆ ಕಟ್ಟುವುದು ಬೇಡವೆಂದ. 1824ರ ಜುಲೈ 13ರಂದು ಗುಂಡಿಟ್ಟು ಕೊಂದರು. ನಲವತ್ತನಾಲ್ಕು ತುಂಬಿರಲಿಲ್ಲ. ಅವನನ್ನು ಬ್ರಿಗೇಡಿಯರ್ ಆಗಿ ಬಡ್ತಿ ಕೊಟ್ಟ ರಾಜನ ಆಜ್ಞಾಪತ್ರ ಅಷ್ಟರಲ್ಲಿ ಹೊರಟಿತ್ತು ಎಂಬುದು ಇನ್ನೊಂದು ಐತಿಹ್ಯ. ಆ ವರ್ಷದ ಡಿಸೆಂಬರ್ 9ರಂದು ಪೆರುವಿನ ಅಯಾಕುಚೊದಲ್ಲಿ ಸೂಕ್ರೆ ಗೆದ್ದ. ದಕ್ಷಿಣ ಅಮೆರಿಕದಲ್ಲಿ ಸ್ಪೇನಿನ ಆಳ್ವಿಕೆ ಮುಗಿದಂತಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ಅಗ್ವಾಲೊಂಗೊನನ್ನು ಎತ್ತಿ ಪೀಠದ ಮೇಲೆ ಕೂರಿಸುವ ಆಸೆ ನನಗಿಲ್ಲ. ಅವನ ಪಕ್ಷವೂ ಸೆರೆಯಾಳುಗಳನ್ನು ಕೊಂದಿತು, ಊರನ್ನು ಸುಟ್ಟಿತು. ಅವನು ಕಾದ ವ್ಯವಸ್ಥೆ ಜಾತಿಯಂಥದೇ ಶ್ರೇಣಿಗಳ ಮೇಲೆ, ಗುಲಾಮಗಿರಿಯ ಮೇಲೆ ನಿಂತಿತ್ತು. ಗಣರಾಜ್ಯ 1821ರಲ್ಲಿ ಗುಲಾಮರ ಹೊಟ್ಟೆಯಲ್ಲಿ ಹುಟ್ಟುವ ಮಕ್ಕಳು ಸ್ವತಂತ್ರರು ಎಂಬ ಕಾನೂನು ತಂದಿತು ಎಂಬುದನ್ನೂ ಮರೆಯಬಾರದು. ಫರ್ಡಿನಂಡ್ ರಾಜನಂತೂ ತನ್ನನ್ನು ನಂಬಿದವರೆಲ್ಲರ ಕೈಬಿಟ್ಟವನು. ಅವನು ಗೆದ್ದಿದ್ದರೆ ಪಾಸ್ತೊ ಇಂಡಿಯನ್ನರ ಬದುಕು ಹಸನಾಗುತ್ತಿತ್ತು ಎಂದು ನಾನು ನಂಬುವುದಿಲ್ಲ.

ಆದರೆ ಪ್ರಶ್ನೆ ಅದಲ್ಲ. ಯಾರಿಗೋ ಸ್ವಾತಂತ್ರ್ಯ ಕೊಡಲು ಬಂದವರು, ಅದು ಬೇಡವೆಂದವರನ್ನು ಏನು ಮಾಡುತ್ತಾರೆ ಎಂಬುದು ಪ್ರಶ್ನೆ. ಬೇಡ ಎನ್ನುವವನಿಗೆ ತಿಳಿವಳಿಕೆ ಇಲ್ಲ ಎಂದುಬಿಟ್ಟರೆ ಅವನ ಮಾತು ಕೇಳುವ ಅಗತ್ಯವೇ ಉಳಿಯುವುದಿಲ್ಲ. ಕೊಲಂಬಿಯಾದಲ್ಲಿ ಆದದ್ದು ಅದೇ. ಪಾಸ್ತೊದವರೆಂದರೆ ಪೆದ್ದರು ಎಂಬ ನಗೆಹನಿಗಳು ಆ ದೇಶದಲ್ಲಿ ಇಂದಿಗೂ ಹೇರಳ. ಅವುಗಳ ಬೇರು ಸ್ವಾತಂತ್ರ್ಯ ಯುದ್ಧದಲ್ಲಿ ಅವರು ತಪ್ಪು ಪಕ್ಷ ಹಿಡಿದದ್ದರಲ್ಲಿದೆ ಎಂದು ಅಲ್ಲಿನ ಅನೇಕರು ಹೇಳುತ್ತಾರೆ. ಕೊಂದದ್ದು ಒಂದು ಸಲ, ನಕ್ಕದ್ದು ಇನ್ನೂರು ವರ್ಷ.

ಪಾಸ್ತೊ ಮಾತ್ರ ಮರೆಯಲಿಲ್ಲ. 1925ರಲ್ಲಿ ಅಲ್ಲಿನ ಇತಿಹಾಸಕಾರ ಹೊಸೆ ರಫಾಯೆಲ್ ಸನ್ಯೂದೊ ಬೊಲಿವಾರನ ಬಗ್ಗೆ ಕಟುವಾದ ಪುಸ್ತಕ ಬರೆದು ದೇಶದಾದ್ಯಂತ ಬೈಗುಳ ತಿಂದ. 1983ರಲ್ಲಿ ಪೊಪಯಾನಿನಿಂದ ಅಗ್ವಾಲೊಂಗೊನ ಮೂಳೆಗಳನ್ನು ತಂದು ಊರಿನ ಚರ್ಚಿನಲ್ಲಿ ಇಟ್ಟರು. 2012ರಲ್ಲಿ ಎವೆಲಿಯೊ ರೊಸೆರೊ, ಪಾಸ್ತೊದ ಪ್ರಸಿದ್ಧ ಜಾತ್ರೆಯಲ್ಲಿ ಬೊಲಿವಾರನ ಕ್ರೌರ್ಯವನ್ನು ತೋರಿಸುವ ರಥ ಕಟ್ಟಲು ಹೊರಡುವ ವೈದ್ಯನೊಬ್ಬನ ಕತೆಯನ್ನು ಕಾದಂಬರಿ ಮಾಡಿದ. 2021ರ ಮೇ ತಿಂಗಳ ದೇಶವ್ಯಾಪಿ ಮುಷ್ಕರದ ದಿನಗಳಲ್ಲಿ ಪಾಸ್ತೊದ ಮುಖ್ಯ ಚೌಕದಲ್ಲಿ ಪ್ರತಿಭಟನಕಾರರು ಒಂದು ಪ್ರತಿಮೆಯನ್ನು ಹಗ್ಗ ಹಾಕಿ ಕೆಡವಿದರು. ಅದು ನಾರಿನ್ಯೊನದು.

ಎಂ-19 ಗುಂಪು 1990ರಲ್ಲಿ ಶಸ್ತ್ರ ಕೆಳಗಿಟ್ಟಿತು. ಆ ವರ್ಷ ಅಗ್ವಾಲೊಂಗೊನ ಮೂಳೆಗಳು ಪಾಸ್ತೊಗೆ ಮರಳಿದವು, ಮರುವರ್ಷ ಬೊಲಿವಾರನ ಕತ್ತಿ ಸರ್ಕಾರದ ಕೈಸೇರಿತು. ಅವರು ಎರಡನ್ನೂ ಕದ್ದದ್ದು ಗೊಂದಲದಿಂದಲ್ಲ ಎಂದು ಈಗ ನನಗೆ ಅನ್ನಿಸುತ್ತದೆ. ಬೊಲಿವಾರ್ ಕೊಟ್ಟ ಮಾತು ಮತ್ತು ಆ ಮಾತಿನ ಹೊರಗೆ ಉಳಿದವರ ಲೆಕ್ಕ, ಎರಡೂ ಒಂದೇ ದೇಶದ ಸ್ವತ್ತು. ಕತ್ತಿ ಮೊದಲು ವಸ್ತುಸಂಗ್ರಹಾಲಯದ ಗಾಜಿನೊಳಗೆ ಇತ್ತು, ಈಗ ಬೊಗೊಟಾದ ಸರ್ಕಾರದ ಕಾವಲಿನಲ್ಲಿದೆ. ಮೂಳೆಗಳು ಪಾಸ್ತೊದ ಚರ್ಚಿನಲ್ಲಿವೆ. ಎರಡನ್ನೂ ನೋಡಬೇಕೆಂದರೆ ಬೊಲಿವಾರ್ ಬಂದ ದಾರಿಯಲ್ಲೇ ದಕ್ಷಿಣಕ್ಕೆ ಹೋಗಬೇಕು, ಹ್ವಾನಂಬು ನದಿಯನ್ನು ದಾಟಬೇಕು.